ವಾಹನ ಪ್ರಶ್ನೋತ್ತರ: ಹಳೆಯ ಪಿಕಪ್‌ನ ಪೆಡಸಾದ ವ್ಯಾಕ್ಯೂಮ್ ಪೈಪುಗಳು

ಪ್ರಶ್ನೆ: ನಾನು ಮೂಲತಃ ಶಿವಮೊಗ್ಗದವನು. ಈಗ ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ನೆಲೆಸಿದ್ದೇನೆ. ನನ್ನಲ್ಲಿ 1993ರ ಟೊಯೋಟಾ ಪಿಕಪ್ ಇದೆ. 22ಆರ್-ಇ ಪೆಟ್ರೋಲ್ ಎಂಜಿನ್, ಮ್ಯಾನುಯಲ್ ಗೇರ್. ಈ ಸಲದ ಸ್ಮಾಗ್ ಪರೀಕ್ಷೆಯಲ್ಲಿ (ವಾಹನದ ಹೊಗೆ ತಪಾಸಣೆಯಲ್ಲಿ) ನೈಟ್ರಿಕ್ ಆಕ್ಸೈಡ್ ಮಿತಿ ಮೀರಿದೆಯೆಂದು ಗಾಡಿ ಫೇಲಾಯಿತು. ಬಾನೆಟ್ ತೆರೆದು ನೋಡುತ್ತಿದ್ದಾಗ ಎಂಜಿನ್ನಿನ ಗಾಳಿಯ ಸೆಳೆತವನ್ನು ಸಾಗಿಸುವ ಸಣ್ಣ ವ್ಯಾಕ್ಯೂಮ್ ಪೈಪೊಂದು ಬೆರಳು ತಾಗಿದ್ದೇ ಮುರಿದು ಕೈಗೆ ಬಂತು. ಐಡ್ಲಿಂಗ್ ಕೂಡ ಏರುತ್ತ ಇಳಿಯುತ್ತ ಇರುತ್ತದೆ. ಗ್ಯಾರೇಜಿನವರು ಇಜಿಆರ್ ವಾಲ್ವ್ ಬದಲಿಸಬೇಕು ಎನ್ನುತ್ತಿದ್ದಾರೆ. ನಾನು ಒಂದು ರಜಾದಿನ ಕುಳಿತು ಎಲ್ಲ ಪೈಪುಗಳನ್ನೂ ಕಿತ್ತು ಹೊಸದನ್ನು ಹಾಕಬೇಕೆಂದಿದ್ದೇನೆ. ಇದು ಸರಿಯಾದ ಕ್ರಮವೇ?

ಉತ್ತರ: ಎಲ್ಲ ಪೈಪುಗಳನ್ನೂ ಬದಲಿಸುವ ನಿಮ್ಮ ನಿರ್ಧಾರ ಸರಿಯಾದದ್ದು, ಎಲ್ಲವನ್ನೂ ಒಟ್ಟಿಗೆ ಕೀಳುವ ಯೋಚನೆಯನ್ನು ಮಾತ್ರ ದಯವಿಟ್ಟು ಕೈಬಿಡಿ. ಇಜಿಆರ್ ವಾಲ್ವಿಗೆ ಹಣ ಸುರಿಯುವ ಮಾತು ಪೈಪುಗಳ ಕೆಲಸ ಮುಗಿದು, ವಾಲ್ವನ್ನು ಪರೀಕ್ಷಿಸಿ ನೋಡಿದ ನಂತರದ್ದು.

ನೈಟ್ರಿಕ್ ಆಕ್ಸೈಡ್, ಐಡ್ಲಿಂಗ್ ಏರಿಳಿತ, ಈ ಎರಡು ಲಕ್ಷಣಗಳಿಗೂ ಮುರಿದ ಪೈಪುಗಳೇ ಕಾರಣವಾಗಿರುವುದು ಪೂರ್ತಿ ಸಾಧ್ಯ. ದಹನದ ಉಷ್ಣತೆ ಮಿತಿ ಮೀರಿದಾಗ ಗಾಳಿಯಲ್ಲಿರುವ ಸಾರಜನಕವೂ ಆಮ್ಲಜನಕವೂ ಕೂಡಿ ನೈಟ್ರಿಕ್ ಆಕ್ಸೈಡ್ ಉಂಟಾಗುತ್ತದೆ. ಆ ಉಷ್ಣತೆಯನ್ನು ತಗ್ಗಿಸಲೆಂದೇ ಸುಟ್ಟ ಹೊಗೆಯ ಒಂದಿಷ್ಟು ಪಾಲನ್ನು ಇಜಿಆರ್ ವಾಲ್ವ್ ಮತ್ತೆ ಸಿಲಿಂಡರಿಗೆ ಕಳುಹಿಸುತ್ತದೆ. ಆದರೆ ಆ ವಾಲ್ವ್ ತಾನಾಗಿ ತೆರೆಯುವುದಿಲ್ಲ. ಪೆನ್ಸಿಲ್ಲಿಗಿಂತ ದಪ್ಪವಿಲ್ಲದ ಪೈಪಿನ ಮೂಲಕ ಬರುವ ವ್ಯಾಕ್ಯೂಮ್ ಅದರ ಡಯಾಫ್ರಮನ್ನು (ಒಳಗಿನ ತೆಳು ಪೊರೆಯನ್ನು) ಎಳೆದಾಗ ಮಾತ್ರ ತೆರೆಯುತ್ತದೆ. ಪೈಪು ಬಿರುಕು ಬಿಟ್ಟಿದ್ದರೆ ವಾಲ್ವ್ ಎಷ್ಟೇ ಹೊಸದಾಗಿದ್ದರೂ ಮುಚ್ಚಿಕೊಂಡೇ ಇರುತ್ತದೆ. ಇನ್ನು, ನಿಮ್ಮ ಎಂಜಿನ್ನಿನಲ್ಲಿ ಏರ್ ಫಿಲ್ಟರಿಗೂ, ಎಕ್ಸಲರೇಟರಿಗೆ ತಕ್ಕಂತೆ ಗಾಳಿ ಬಿಡುವ ಥ್ರಾಟಲ್ ಬಾಡಿಗೂ ನಡುವೆ ಗಾಳಿಯ ಮೊತ್ತವನ್ನು ಅಳೆಯುವ ಏರ್‌ಫ್ಲೋ ಮೀಟರ್ ಇದೆ. ಅದರ ಒಳಗಿನ ರೆಕ್ಕೆಯನ್ನು ತಳ್ಳಿಕೊಂಡು ಬಂದ ಗಾಳಿಗೆ ತಕ್ಕಷ್ಟು ಪೆಟ್ರೋಲನ್ನು ಕಂಪ್ಯೂಟರ್ ಕೊಡುತ್ತದೆ. ಮೀಟರನ್ನು ದಾಟಿದ ಮೇಲೆ ಬಿರುಕಿನ ಮೂಲಕ ಒಳನುಗ್ಗುವ ಗಾಳಿ ಲೆಕ್ಕಕ್ಕೆ ಸಿಗುವುದಿಲ್ಲವಾದ್ದರಿಂದ ಮಿಶ್ರಣದಲ್ಲಿ ಪೆಟ್ರೋಲ್ ಸಾಲದೆ ಹೋಗುತ್ತದೆ, ಐಡ್ಲಿಂಗ್ ಏರುತ್ತದೆ. ಎಕ್ಸಲರೇಟರ್ ಒತ್ತದೆಯೂ ಆರ್‌ಪಿಎಂ ಏರಿದ್ದನ್ನು ಕಂಡ ಕಂಪ್ಯೂಟರ್, ಗಾಡಿ ಇಳಿಜಾರಿನಲ್ಲಿ ಇಳಿಯುತ್ತಿದೆಯೆಂದು ಭಾವಿಸಿ ಪೆಟ್ರೋಲ್ ನಿಲ್ಲಿಸುತ್ತದೆ, ಆರ್‌ಪಿಎಂ ಕುಸಿದೊಡನೆ ಮತ್ತೆ ಕೊಡುತ್ತದೆ. ನೀವು ಕಾಣುತ್ತಿರುವ ಏರಿಳಿತ ಬಹುಮಟ್ಟಿಗೆ ಇದೇ.

ಈ ಎಂಜಿನ್ನಿನಲ್ಲಿ ಸೋರಿಕೆಯನ್ನು ತಿಳಿಯಲು ಉಪಕರಣವೇ ಬೇಡದ ಒಂದು ಪರೀಕ್ಷೆಯಿದೆ. ಎಂಜಿನ್ ಬಿಸಿಯಾಗಿ ಐಡ್ಲಿಂಗ್‌ನಲ್ಲಿರುವಾಗ ಎಂಜಿನ್ ಆಯಿಲ್ ಹಾಕುವ ಬಾಯಿಯ ಮುಚ್ಚಳವನ್ನು ತೆರೆಯಿರಿ. ಎಲ್ಲ ಜೋಡಣೆಗಳೂ ಬಿಗಿಯಾಗಿದ್ದರೆ ಎಂಜಿನ್ ಒಡನೆಯೇ ತಡವರಿಸುತ್ತದೆ ಅಥವಾ ನಿಂತುಹೋಗುತ್ತದೆ. ಮುಚ್ಚಳ ತೆರೆದರೂ ವಿಶೇಷ ವ್ಯತ್ಯಾಸ ಕಾಣದಿದ್ದರೆ ಲೆಕ್ಕಕ್ಕೆ ಸಿಗದ ಗಾಳಿ ಈಗಾಗಲೇ ಬೇರೆಲ್ಲಿಂದಲೋ ಧಾರಾಳವಾಗಿ ಒಳಬರುತ್ತಿದೆ ಎಂದು ತಿಳಿಯಬಹುದು. ಆಯಿಲ್ ಮಟ್ಟ ನೋಡುವ ಕಡ್ಡಿಯ ರಬ್ಬರ್ ಸರಿಯಾಗಿ ಕೂರದಿದ್ದರೂ ಇದೇ ತೊಂದರೆ ಬರುವುದರಿಂದ ಅದನ್ನೂ ಒಮ್ಮೆ ನೋಡಿಕೊಳ್ಳಿ.

ಈಗ ಪೈಪು ಕೊಳ್ಳುವ ವಿಷಯ. ಅಂಗಡಿಯಲ್ಲಿ ಗಾಡಿಯ ಹೆಸರು ಹೇಳಿ ಕೊಳ್ಳುವುದಕ್ಕಿಂತ ಪೈಪು ಕೂರುವ ಮೂತಿಗಳನ್ನು ವರ್ನಿಯರ್ ಅಳತೆಸಾಧನದಿಂದ ಅಳೆದು, ಮೂತಿಯ ಹೊರ ಅಳತೆಗಿಂತ ಅರ್ಧ ಮಿಲಿಮೀಟರಿನಷ್ಟು ಕಡಿಮೆ ಒಳಗಾತ್ರದ ಪೈಪನ್ನು ಮೀಟರ್ ಲೆಕ್ಕದಲ್ಲಿ ಕೊಳ್ಳುವುದು ಉತ್ತಮ. ಸಣ್ಣ ಪೈಪುಗಳಲ್ಲಿ ಹೆಚ್ಚಿನವು 3.5ರಿಂದ 4 ಮಿಲಿಮೀಟರ್ ಒಳಗಾತ್ರದವು. ಸಡಿಲವಾದ ಪೈಪನ್ನು ಕ್ಲಿಪ್ಪು ಹಾಕಿ ಬಿಗಿದರೆ ಸಾಕು ಎಂದುಕೊಳ್ಳಬೇಡಿ. ಮಡಿಕೆಯಾದ ರಬ್ಬರಿನ ಸಂದಿಯಲ್ಲಿ ಗಾಳಿ ನುಗ್ಗುತ್ತಲೇ ಇರುತ್ತದೆ. ಪೈಪಿನ ಗೋಡೆ ದಪ್ಪವಾಗಿರಬೇಕು. ಮನೆಗೆಲಸದ ಪಾರದರ್ಶಕ ಲೆವೆಲ್ ಪೈಪು, ಮೀನಿನ ತೊಟ್ಟಿಯ ಗಾಳಿಯ ಪೈಪು ಮುಂತಾದವು ಬಿಸಿಗೆ ಮೆತ್ತಗಾಗಿ, ವ್ಯಾಕ್ಯೂಮಿನ ಸೆಳೆತಕ್ಕೆ ಚಪ್ಪಟೆಯಾಗಿ ದಾರಿ ಮುಚ್ಚಿಬಿಡುತ್ತವೆ. ಅಂಥದ್ದು ಹೊರಗಿನಿಂದ ಸರಿಯಾಗಿಯೇ ಕಾಣುವುದರಿಂದ ದೋಷವನ್ನು ಹುಡುಕುವುದು ಮುರಿದ ಪೈಪನ್ನು ಹುಡುಕುವುದಕ್ಕಿಂತ ಕಷ್ಟ. ಪೆಟ್ರೋಲ್ ಆವಿ ಹೋಗುವ ಚಾರ್ಕೋಲ್ ಕ್ಯಾನಿಸ್ಟರ್‌ನ ಪೈಪು, ಆಯಿಲ್ ಆವಿ ಹೋಗುವ ಪಿಸಿವಿ ಪೈಪು, ಪೆಟ್ರೋಲಿನ ಒತ್ತಡವನ್ನು ನಿಯಂತ್ರಿಸುವ ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿನ ಪೈಪು, ಇವುಗಳಿಗೆ ಪೆಟ್ರೋಲ್ ಮತ್ತು ಆಯಿಲ್ ತಡೆಯುವ ಗುಣದ್ದೇ ಬೇಕು. ಪಿಸಿವಿಯದು ಅಚ್ಚಿನಲ್ಲಿ ಬಾಗಿಸಿ ಮಾಡಿದ ಪೈಪಾಗಿದ್ದರೆ ಅದೇ ಆಕಾರದ್ದನ್ನು ತರಿಸಿ. ನೇರವಾದ ಪೈಪನ್ನು ಅಲ್ಲಿ ಬಾಗಿಸಿದರೆ ಮಡಚಿಕೊಳ್ಳುತ್ತದೆ.

ಕೆಲಸ ತಣ್ಣಗಿನ ಎಂಜಿನ್ ಮೇಲೆಯೇ ನಡೆಯಲಿ. ಬಾನೆಟ್ಟಿನ ಕೆಳಗೆ ವ್ಯಾಕ್ಯೂಮ್ ಪೈಪುಗಳ ಜೋಡಣೆಯ ನಕ್ಷೆಯಿರುವ ಸ್ಟಿಕ್ಕರ್ ಇರುತ್ತದೆ. ಮೊದಲು ಅದನ್ನು ಒರೆಸಿ ಸ್ಪಷ್ಟವಾದ ಫೋಟೊ ತೆಗೆದುಕೊಳ್ಳಿ, ಆಮೇಲೆ ಈಗಿರುವ ಜೋಡಣೆಯನ್ನು ನಾಲ್ಕು ಕೋನಗಳಿಂದ ತೆಗೆಯಿರಿ. ಎರಡನ್ನೂ ಹೋಲಿಸಿ ನೋಡಬೇಕಾದ ಅಗತ್ಯವಿದೆ, ಏಕೆಂದರೆ ಮೂವತ್ತು ವರ್ಷಗಳಲ್ಲಿ ಯಾರೋ ಒಬ್ಬರು ಒಂದೆರಡು ಪೈಪುಗಳನ್ನು ತಪ್ಪು ಮೂತಿಗೆ ಸೇರಿಸಿರುವುದು ಅಪರೂಪವಲ್ಲ. ಅಷ್ಟಾದ ಮೇಲೆ ಒಂದು ಪೈಪು ತೆಗೆದು, ಅಷ್ಟೇ ಉದ್ದದ ಹೊಸದನ್ನು ಕತ್ತರಿಸಿ, ಎರಡು ತುದಿಯನ್ನೂ ಕೂರಿಸಿ, ನಂತರವೇ ಮುಂದಿನ ಪೈಪಿಗೆ ಕೈಹಾಕಿ. ಎಲ್ಲವನ್ನೂ ಕಿತ್ತು ಮೇಜಿನ ಮೇಲೆ ಸಾಲಾಗಿ ಇಟ್ಟವರಿಗೆ ಯಾವುದು ಎಲ್ಲಿಯದೆಂದು ಹೇಳಬಲ್ಲ ಗುರುತು ಯಾವುದೂ ಉಳಿಯುವುದಿಲ್ಲ, ಏಕೆಂದರೆ ಆ ಪೈಪುಗಳೆಲ್ಲ ನೋಡಲು ಒಂದೇ ತೆರನಾಗಿರುತ್ತವೆ.

ಪೆಡಸಾದ ಪೈಪನ್ನು ಎಂದಿಗೂ ನೇರವಾಗಿ ಜಗ್ಗಬೇಡಿ. ಮೂತಿಯ ಮೇಲಿರುವ ಭಾಗವನ್ನು ಉದ್ದಕ್ಕೆ ಬ್ಲೇಡಿನಿಂದ ಸೀಳಿ ಬಿಡಿಸಿ ತೆಗೆಯಿರಿ. ಪ್ಲಾಸ್ಟಿಕ್ ಮೂತಿಯಾದರೆ ಬ್ಲೇಡಿನ ಗೀರು ಬಿದ್ದರೂ ಅಲ್ಲಿಂದಲೇ ಗಾಳಿ ಸೋರುತ್ತದಾದ್ದರಿಂದ, ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಮಾಡಿ ಮೆಲ್ಲನೆ ತಿರುಗಿಸಿ. ಎಂಜಿನ್ ನೀರಿನ ಬಿಸಿಯನ್ನು ಗ್ರಹಿಸಿ ವ್ಯಾಕ್ಯೂಮನ್ನು ತೆರೆದು ಮುಚ್ಚುವ ಸಣ್ಣ ವಾಲ್ವೊಂದು ಕೂಲಂಟಿನ ದಾರಿಯಲ್ಲಿ ತಿರುಗಿಸಿ ಕೂರಿಸಿರುತ್ತದೆ. ಅದರ ಪ್ಲಾಸ್ಟಿಕ್ ಮೂತಿಗಳು ಪೈಪಿಗಿಂತಲೂ ಬೇಗ ಮುರಿಯುವಂಥವು. ಮುರಿದರೆ ಆ ವಾಲ್ವನ್ನೇ ಬದಲಿಸಬೇಕು, ಬಿಚ್ಚುವಾಗ ಕೂಲಂಟ್ ಹೊರಬರುತ್ತದೆ. ಪೈಪಿನ ನಡುವೆ ದುಂಡಗಿನ ಪ್ಲಾಸ್ಟಿಕ್ ಬಿಲ್ಲೆಯೋ, ಒಳಗೆ ಸಣ್ಣ ರಂಧ್ರದ ಜೆಟ್ಟೋ ಇದ್ದರೆ ಅದನ್ನು ಹಳೆಯ ಪೈಪಿನೊಂದಿಗೆ ಎಸೆಯದೆ ಹೊಸದಕ್ಕೆ ವರ್ಗಾಯಿಸಿ. ಬಿಲ್ಲೆಯ ಎರಡು ಬದಿಯ ಬಣ್ಣ ಬೇರೆಯಾಗಿದ್ದರೆ ಯಾವ ಬಣ್ಣ ಯಾವ ಕಡೆಗಿತ್ತು ಎಂಬುದನ್ನು ಬರೆದಿಟ್ಟುಕೊಳ್ಳಿ. ತಿರುಗುಮುರುಗಾದರೆ ವ್ಯಾಕ್ಯೂಮ್ ತಲಪುವ ವೇಗವೇ ಬದಲಾಗುತ್ತದೆ.

ನಿಮ್ಮ ಎಂಜಿನ್ನಿನಲ್ಲಿ ಹಲವು ಪೈಪುಗಳು ಒಟ್ಟುಗೂಡಿಸಿ ಬೋಲ್ಟ್ ಮಾಡಿದ ಸಣ್ಣ ಉಕ್ಕಿನ ನಳಿಗೆಗಳಿಗೆ ಬಂದು ಸೇರುತ್ತವೆ. ರಬ್ಬರ್ ಬದಲಿಸುವವರು ಈ ನಳಿಗೆಗಳನ್ನು ಮರೆಯುತ್ತಾರೆ. ಇಜಿಆರ್ ಕಡೆಯ ನಳಿಗೆಯಲ್ಲಿ ಮಸಿ ಕಟ್ಟಿಕೊಂಡಿರಬಹುದು. ಒಂದು ತುದಿಯಿಂದ ಊದಿ ಇನ್ನೊಂದು ತುದಿಯಲ್ಲಿ ಗಾಳಿ ಸಲೀಸಾಗಿ ಬರುತ್ತದೆಯೇ ನೋಡಿ. ಫ್ಯೂಯಲ್ ಪ್ರೆಶರ್ ರೆಗ್ಯುಲೇಟರಿನ ಪೈಪನ್ನು ತೆಗೆದಾಗ ಒಳಗೆ ಪೆಟ್ರೋಲಿನ ಹಸಿ ಕಂಡರೆ ರೆಗ್ಯುಲೇಟರಿನ ಡಯಾಫ್ರಮ್ ಹರಿದಿದೆ ಎಂದರ್ಥ. ಅದಕ್ಕೆ ಪೈಪು ಬದಲಿಸುವುದು ಪರಿಹಾರವಲ್ಲ.

ಇಷ್ಟು ಮುಗಿದ ಮೇಲೆ ಇಜಿಆರ್ ಪರೀಕ್ಷೆ. ಐಡ್ಲಿಂಗ್‌ನಲ್ಲಿ ಕೈಪಂಪಿನಿಂದ ವಾಲ್ವಿಗೆ ನೇರವಾಗಿ ವ್ಯಾಕ್ಯೂಮ್ ಕೊಟ್ಟಾಗ ಎಂಜಿನ್ ಒರಟಾಗಿ ಓಡಬೇಕು ಅಥವಾ ನಿಲ್ಲಬೇಕು. ಎರಡೂ ಆಗದಿದ್ದರೆ ವಾಲ್ವ್ ಅಂಟಿಕೊಂಡಿದೆ ಅಥವಾ ಹೊಗೆಯ ದಾರಿ ಮಸಿಯಿಂದ ಮುಚ್ಚಿದೆ. ಮೊದಲು ಮಸಿ ಕೆರೆದು ನೋಡಿ. ವಾಲ್ವಿಗೆ ಹೋಗುವ ವ್ಯಾಕ್ಯೂಮನ್ನು ನಿಯಂತ್ರಿಸುವ, ಅದರ ಬಳಿಯ ದುಂಡಗಿನ ಮಾಡ್ಯುಲೇಟರಿನ ಮೇಲೆ ಪಿ, ಕ್ಯೂ, ಆರ್ ಎಂಬ ಅಕ್ಷರಗಳಿವೆ. ಪಿ ಮತ್ತು ಆರ್ ಮೂತಿಗಳನ್ನು ಬೆರಳಿನಿಂದ ಮುಚ್ಚಿ, ಎಂಜಿನ್ ನಿಂತಿರುವಾಗ ಕ್ಯೂ ಮೂತಿಗೆ ಊದಿದರೆ ಗಾಳಿ ಮೇಲಿನ ಫಿಲ್ಟರಿನ ಮೂಲಕ ಸರಾಗವಾಗಿ ಹೊರಹೋಗಬೇಕು. 2500 ಆರ್‌ಪಿಎಂನಲ್ಲಿ ಹೀಗೆಯೇ ಊದಿದರೆ ಬಲವಾದ ತಡೆ ಸಿಗಬೇಕು. ಈ ಎರಡರಲ್ಲಿ ಒಂದು ತಪ್ಪಿದರೂ ದೋಷ ಮಾಡ್ಯುಲೇಟರಿನದು, ವಾಲ್ವಿನದಲ್ಲ.

ಕೊನೆಯಲ್ಲಿ ಇಎಫ್ಐ (ಪೆಟ್ರೋಲ್ ಇಂಜೆಕ್ಷನ್) ಫ್ಯೂಸನ್ನು ಒಂದು ನಿಮಿಷ ತೆಗೆದಿಟ್ಟರೆ ಕಂಪ್ಯೂಟರಿನಲ್ಲಿ ಉಳಿದಿರುವ ಹಳೆಯ ದೋಷಸಂಕೇತಗಳು ಅಳಿಸಿಹೋಗುತ್ತವೆ. ಸೋರಿಕೆಯಿದ್ದ ಕಾಲದಲ್ಲಿ ಯಾರಾದರೂ ಐಡ್ಲಿಂಗ್ ಸ್ಕ್ರೂ ತಿರುಗಿಸಿ ಸರಿದೂಗಿಸಿದ್ದರೆ ಈಗ ಎಂಜಿನ್ ನಿಂತು ನಿಂತು ಹೋಗಬಹುದು. ಅದರಿಂದ ಗಾಬರಿಯಾಗದೆ ಸ್ಟಿಕ್ಕರಿನಲ್ಲಿ ಕೊಟ್ಟಿರುವ ಆರ್‌ಪಿಎಂಗೆ ಹೊಂದಿಸಿ. ಸೋರಿಕೆಯನ್ನು ಸ್ಕ್ರೂವಿನಿಂದ ಮುಚ್ಚಿಹಾಕುವ ಪದ್ಧತಿ ಎಲ್ಲೆಡೆ ಇದೆ, ಅದು ಎಂಜಿನ್ನಿಗೆ ಮಾಡುವ ಅನ್ಯಾಯವೇ ಸರಿ. ನಿಮ್ಮ ರಾಜ್ಯದ ಸ್ಮಾಗ್ ಪರೀಕ್ಷೆಯಲ್ಲಿ ಗಂಟೆಗೆ 15 ಮತ್ತು 25 ಮೈಲಿ ವೇಗದಲ್ಲಿ ರೋಲರಿನ ಮೇಲೆ ಹೊಗೆ ಅಳೆಯುವುದಲ್ಲದೆ ಪೈಪುಗಳ ಜೋಡಣೆಯನ್ನು ಕಣ್ಣಿನಿಂದಲೂ ನೋಡುತ್ತಾರೆ. ಕಳಚಿದ ಅಥವಾ ಬೇರೆ ಮೂತಿಗೆ ಸೇರಿಸಿದ ಪೈಪು ಕಂಡರೆ ಹೊಗೆ ಶುದ್ಧವಾಗಿದ್ದರೂ ಗಾಡಿ ಪಾಸಾಗುವುದಿಲ್ಲ. ಆದ್ದರಿಂದ ಪರೀಕ್ಷೆಗೆ ಹೋಗುವ ಮೊದಲು ಸ್ಟಿಕ್ಕರಿನ ನಕ್ಷೆಯನ್ನು ಇಟ್ಟುಕೊಂಡು ಒಂದೊಂದೇ ಗೆರೆಯನ್ನು ಬೆರಳಿನಿಂದ ಅನುಸರಿಸಿ ನೋಡಿ.

ಪ್ರಶ್ನೆ: ಸಕಲೇಶಪುರದ ಬಳಿ ನಮ್ಮ ತೋಟವಿದೆ. 2006ರ ಡೀಸೆಲ್ ಪಿಕಪ್‌ನಲ್ಲಿ ಕಾಫಿ, ಮೆಣಸು ಸಾಗಿಸುತ್ತೇವೆ. ಕೆಲವು ದಿನಗಳಿಂದ ಬ್ರೇಕ್ ಪೆಡಲ್ ಗಟ್ಟಿಯಾಗಿದೆ, ಬಲವಾಗಿ ಒತ್ತಿದರೆ ಮಾತ್ರ ಗಾಡಿ ನಿಲ್ಲುತ್ತದೆ. ಎಂಜಿನ್ ಓಟದಲ್ಲಿ ಯಾವ ದೋಷವೂ ಇಲ್ಲ. ಆಲ್ಟರ್ನೇಟರ್ ಹಿಂದಿರುವ ವ್ಯಾಕ್ಯೂಮ್ ಪಂಪ್ ಹೋಗಿದೆ, ಬದಲಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಪೈಪಿನ ದೋಷವಾಗಿದ್ದರೆ ಎಂಜಿನ್ ಕೂಡ ತೊಂದರೆ ಕೊಡಬೇಕಲ್ಲವೇ?

ಉತ್ತರ: ಮೊದಲನೆಯ ಮಾತು: ಈ ದೋಷ ಸರಿಯಾಗುವ ತನಕ ಶಿರಾಡಿ ಘಾಟಿಗೆ ಗಾಡಿ ಇಳಿಸಬೇಡಿ. ಹೇರು ತುಂಬಿದ ಪಿಕಪ್ಪನ್ನು ಬೂಸ್ಟರಿನ (ವ್ಯಾಕ್ಯೂಮ್ ಬಲದಿಂದ ಬ್ರೇಕ್ ಒತ್ತಲು ನೆರವಾಗುವ ಭಾಗದ) ನೆರವಿಲ್ಲದೆ ಬರಿಯ ಕಾಲಿನ ಬಲದಿಂದ ಆ ತಿರುವುಗಳಲ್ಲಿ ಹಿಡಿದು ನಿಲ್ಲಿಸುವುದು ಆಗದ ಮಾತು.

ನಿಮ್ಮ ಸಂಶಯ ಪೆಟ್ರೋಲ್ ಗಾಡಿಗೆ ಸರಿಹೊಂದುತ್ತದೆ. ಪೆಟ್ರೋಲ್ ಎಂಜಿನ್ನಿನಲ್ಲಿ ಥ್ರಾಟಲ್ ಮುಚ್ಚಿರುವಾಗ ಸಿಲಿಂಡರುಗಳಿಗೆ ಗಾಳಿ ಹೋಗುವ ಮ್ಯಾನಿಫೋಲ್ಡಿನಲ್ಲೇ ವ್ಯಾಕ್ಯೂಮ್ ಉಂಟಾಗುತ್ತದೆ, ಆದ್ದರಿಂದ ಸೋರಿಕೆ ನೇರವಾಗಿ ಎಂಜಿನ್ನಿಗೇ ತಟ್ಟುತ್ತದೆ. ನಿಮ್ಮ ಡೀಸೆಲ್ ಎಂಜಿನ್ನಿನಲ್ಲಿ ಹಾಗೆ ಗಾಳಿಯನ್ನು ತಡೆದು ಹಿಡಿಯುವ ಥ್ರಾಟಲ್ ಇಲ್ಲ. ಆ ಕಾರಣಕ್ಕೇ ಬ್ರೇಕಿಗಾಗಿ ಪ್ರತ್ಯೇಕ ಪಂಪ್ ಇಟ್ಟಿದ್ದಾರೆ. ಪಂಪಿನಿಂದ ಬೂಸ್ಟರಿಗೆ ಹೋಗುವ ಪೈಪು ಪೂರ್ತಿ ಹರಿದರೂ ಎಂಜಿನ್ ಎಂದಿನಂತೆಯೇ ಓಡುತ್ತದೆ, ಬ್ರೇಕ್ ಮಾತ್ರ ಕಲ್ಲಾಗುತ್ತದೆ.

ಮನೆಯಲ್ಲೇ ಹೀಗೆ ನೋಡಿ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಪೆಡಲ್ ಗಟ್ಟಿಯಾಗುವವರೆಗೆ ಐದಾರು ಸಲ ಒತ್ತಿ. ಕಾಲನ್ನು ಪೆಡಲ್ ಮೇಲೆಯೇ ಇಟ್ಟು ಸ್ಟಾರ್ಟ್ ಮಾಡಿ. ವ್ಯಾಕ್ಯೂಮ್ ಬೂಸ್ಟರನ್ನು ತಲಪುತ್ತಿದ್ದರೆ ಪೆಡಲ್ ತಾನಾಗಿ ಸ್ವಲ್ಪ ಕೆಳಗಿಳಿಯುತ್ತದೆ. ಇಳಿಯದಿದ್ದರೆ ಬೂಸ್ಟರಿನ ಕಡೆಯ ಪೈಪನ್ನು ಬಿಚ್ಚಿ, ಎಂಜಿನ್ ಓಡುತ್ತಿರುವಾಗ ಅದರ ಬಾಯಿಗೆ ಹೆಬ್ಬೆರಳು ಇಡಿ. ಸೆಳೆತ ಬಲವಾಗಿದ್ದರೆ ಪಂಪೂ ಪೈಪೂ ಸರಿ, ದೋಷ ಬೂಸ್ಟರಿನದು. ಸೆಳೆತ ದುರ್ಬಲವಾಗಿದ್ದರೆ ಪಂಪಿನ ಮೂತಿಯಲ್ಲೇ ಬೆರಳಿಟ್ಟು ನೋಡಿ. ಅಲ್ಲಿ ಬಲವಾಗಿದ್ದು ಪೈಪಿನ ತುದಿಯಲ್ಲಿ ಬಲವಿಲ್ಲವೆಂದರೆ ಪಂಪಿಗೆ ಹಣ ಕೊಡಬೇಕಾಗಿಲ್ಲ. ಗೇಜ್ ಇದ್ದರೆ ಇನ್ನೂ ಖಚಿತ. ಒಳ್ಳೆಯ ಪಂಪ್ ಮಂಗಳೂರಿನಲ್ಲಿ ಪಾದರಸದ 26 ಇಂಚಿನ ಆಸುಪಾಸು ತೋರಿಸಿದರೆ, ಸುಮಾರು 900 ಮೀಟರ್ ಎತ್ತರದ ನಿಮ್ಮ ಊರಿನಲ್ಲಿ 23ರ ಆಸುಪಾಸು ತೋರಿಸುವುದು ಸಹಜ. ಆ ಮೂರು ಇಂಚಿನ ಕೊರತೆಗೆ ಪಂಪನ್ನು ದೂರಬಾರದು.

ಈ ಪೈಪು ಸಾಮಾನ್ಯವಾಗಿ ಒಡೆಯುವುದು ಎರಡು ಕಡೆ: ಪಂಪಿನ ಮೂತಿಯ ಮೇಲೆ ಕ್ಲಾಂಪಿನ ಅಂಚಿನಲ್ಲಿ, ಮತ್ತು ಎಂಜಿನ್ನಿನ ಅಲುಗಾಟಕ್ಕೆ ಪೈಪು ಬಾಗುವ ಜಾಗದಲ್ಲಿ. ಪೈಪನ್ನು ಮೆಲ್ಲನೆ ಬಾಗಿಸಿ ನೋಡಿದರೆ ಮುಚ್ಚಿಕೊಂಡಿದ್ದ ಬಿರುಕುಗಳು ಬಾಯಿ ಬಿಡುತ್ತವೆ. ತೋಟದ ಶೆಡ್ಡಿನಲ್ಲಿ ನಿಲ್ಲುವ ಗಾಡಿಯಾದ್ದರಿಂದ ಇಲಿ ಕಡಿದ ಗುರುತಿದೆಯೇ ಎಂದು ಬೂಸ್ಟರಿನ ಕೆಳಭಾಗದ ತನಕ ಕೈಯಾಡಿಸಿ ನೋಡಿ.

ಬದಲಿಸುವಾಗ ಬ್ರೇಕ್ ಬೂಸ್ಟರಿಗೆಂದೇ ತಯಾರಾದ, ಒಳಗೆ ನೂಲಿನ ಹೆಣಿಗೆಯಿರುವ ಪೈಪನ್ನೇ ಹಾಕಿಸಿ. ಪಂಪು ಎಂಜಿನ್ ಆಯಿಲಿನಿಂದ ನೆನೆಯುತ್ತ ಕೆಲಸ ಮಾಡುವುದರಿಂದ ಪೈಪಿಗೆ ಆಯಿಲ್ ಆವಿ ಹತ್ತುತ್ತದೆ. ಆಯಿಲ್ ತಡೆಯದ ರಬ್ಬರ್ ಉಬ್ಬಿ ಪದರ ಬಿಡುತ್ತದೆ, ಒಳಪದರ ಕಿತ್ತುಬಂದರೆ ಹೊರಗೆ ಬಿರುಕಿಲ್ಲದೆಯೂ ದಾರಿ ಮುಚ್ಚುತ್ತದೆ. ಹರಿದ ಜಾಗದಲ್ಲಿ ತುಂಡು ಕೊಳವೆಯಿಟ್ಟು ಬೆಸೆಯುವ, ಟೇಪು ಸುತ್ತುವ ಕೆಲಸ ಬ್ರೇಕಿನ ಪೈಪಿಗೆ ಸಲ್ಲದು. ದಾರಿಯಲ್ಲಿರುವ ನಾನ್‌ರಿಟರ್ನ್ ವಾಲ್ವಿನ ಬಾಣದ ಗುರುತು ಪಂಪಿನ ಕಡೆಗಿರಬೇಕು, ಅಂದರೆ ಗಾಳಿ ಬೂಸ್ಟರಿನಿಂದ ಹೊರಹೋಗಬೇಕೇ ಹೊರತು ಒಳಬರಬಾರದು. ಆ ವಾಲ್ವನ್ನು ಬಾಯಿಯಿಂದ ಊದಿದರೆ ಒಂದೇ ಕಡೆಗೆ ಗಾಳಿ ಹೋಗಬೇಕು. ಅದರಲ್ಲಿ ಆಯಿಲ್ ತುಂಬಿಕೊಂಡಿದ್ದರೆ ಬದಲಿಸಿ, ಜೊತೆಗೆ ಬೂಸ್ಟರಿನೊಳಗೂ ಆಯಿಲ್ ಸೇರಿದೆಯೇ ಎಂದು ನೋಡಿಸಿ. ಎಲ್ಲ ಮುಗಿದ ಮೇಲೆ ಎಂಜಿನ್ ಒಂದು ನಿಮಿಷ ಓಡಿಸಿ ನಿಲ್ಲಿಸಿ. ಅನಂತರದ ಮೊದಲ ಎರಡು ಮೂರು ಒತ್ತುಗಳು ಮೆತ್ತಗೇ ಇರಬೇಕು. ಮೊದಲ ಒತ್ತಿಗೇ ಪೆಡಲ್ ಗಟ್ಟಿಯಾದರೆ ಸೋರಿಕೆ ಇನ್ನೂ ಉಳಿದಿದೆ.

ಪ್ರಶ್ನೆ: ಹುಬ್ಬಳ್ಳಿಯ ಬಿಡಿಭಾಗದ ಅಂಗಡಿಯಲ್ಲಿ ನೀಲಿ, ಕೆಂಪು ಬಣ್ಣದ ಸಿಲಿಕೋನ್ ಪೈಪು ಸಿಗುತ್ತಿದೆ. ಇದು ಜೀವನಪೂರ್ತಿ ಬಾಳುತ್ತದೆ ಎನ್ನುತ್ತಾರೆ. ಎಲ್ಲ ಕಡೆಗೂ ಇದನ್ನೇ ಹಾಕಬಹುದೇ?

ಉತ್ತರ: ಎಲ್ಲ ಕಡೆಗೂ ಬೇಡ. ಸಿಲಿಕೋನ್ ಸುಮಾರು 200 ಡಿಗ್ರಿ ಸೆಲ್ಸಿಯಸ್ ತನಕದ ಬಿಸಿಯನ್ನು ತಾಳುತ್ತದೆ, ರಬ್ಬರಿನಂತೆ ಬೇಗ ಪೆಡಸಾಗುವುದಿಲ್ಲ. ಎಗ್ಸಾಸ್ಟಿನ ಹತ್ತಿರ ಹಾದುಹೋಗುವ, ಬರಿಯ ಗಾಳಿಯ ಸೆಳೆತವನ್ನು ಮಾತ್ರ ಸಾಗಿಸುವ ಸಣ್ಣ ಪೈಪುಗಳಿಗೆ ಅದು ತುಂಬ ಒಳ್ಳೆಯದು. ಆದರೆ ಪೆಟ್ರೋಲಿಗೂ ಆಯಿಲಿಗೂ ಅದು ಉಬ್ಬಿ ಮೆತ್ತಗಾಗುತ್ತದೆ. ಆದ್ದರಿಂದ ಪಿಸಿವಿ, ಕ್ಯಾನಿಸ್ಟರ್, ಡೀಸೆಲ್ ಗಾಡಿಯ ವ್ಯಾಕ್ಯೂಮ್ ಪಂಪ್, ಇವುಗಳಿಗೆ ಅದನ್ನು ಹಾಕಬಾರದು. ಚೂಪಾದ ಅಂಚು ತಗುಲಿದರೆ ಸುಲಭವಾಗಿ ಸೀಳುವುದರಿಂದ ಕಬ್ಬಿಣದ ಪಟ್ಟಿಗಳ ಮೂಲೆಗೆ ಉಜ್ಜದಂತೆ ಕಟ್ಟಬೇಕು. ತೆಳು ಗೋಡೆಯದನ್ನು ಕೊಳ್ಳಲೇಬೇಡಿ. ಅಂಗಡಿಯಲ್ಲೇ ಬೆರಳಿಗೆ ಸುತ್ತಿ ನೋಡಿದಾಗ ಮಡಚಿಕೊಂಡರೆ ಅದು ಎಂಜಿನ್ನಿನ ಮೇಲೂ ಮಡಚಿಕೊಳ್ಳುತ್ತದೆ.

ಪ್ರಶ್ನೆ: ಮಡಿಕೇರಿಯಲ್ಲಿರುವ ನನ್ನ ಹಳೆಯ ಪೆಟ್ರೋಲ್ ಜಿಪ್ಸಿಯ ಪೈಪುಗಳನ್ನೆಲ್ಲ ಬದಲಿಸಿದ ಮೇಲೂ ವ್ಯಾಕ್ಯೂಮ್ ಗೇಜ್ ಐಡ್ಲಿಂಗ್‌ನಲ್ಲಿ 15 ಇಂಚು ತೋರಿಸುತ್ತದೆ. 18 ಇರಬೇಕೆಂದು ಓದಿದ್ದೆ. ಎಂಜಿನ್ ಸವೆದಿದೆಯೇ?

ಉತ್ತರ: ಅಷ್ಟರಿಂದಲೇ ಹಾಗೆ ಹೇಳಲಾಗದು. ಪುಸ್ತಕಗಳಲ್ಲಿ ಕೊಡುವ 17ರಿಂದ 21 ಇಂಚಿನ ಅಳತೆ ಸಮುದ್ರಮಟ್ಟದ್ದು. ಪ್ರತಿ 300 ಮೀಟರ್ ಎತ್ತರಕ್ಕೆ ಸುಮಾರು ಒಂದು ಇಂಚು ಕಳೆಯಬೇಕು. ಮಡಿಕೇರಿ 1100 ಮೀಟರಿಗೂ ಮೇಲಿರುವುದರಿಂದ ನಿಮ್ಮಲ್ಲಿ 13ರಿಂದ 17 ಇಂಚು ಸಹಜವೇ. ಅಂಕಿಗಿಂತ ಮುಳ್ಳಿನ ನಡತೆಯನ್ನು ಗಮನಿಸಿ. ಮುಳ್ಳು ನಿಂತಲ್ಲೇ ನಿಂತಿದ್ದರೆ ನೆಮ್ಮದಿಯಾಗಿರಬಹುದು. ನಿಂತಿದ್ದರೂ 13ಕ್ಕಿಂತ ಕೆಳಗಿದ್ದರೆ ಇಗ್ನಿಷನ್ ಟೈಮಿಂಗ್ (ಕಿಡಿ ಹಾರುವ ಸಮಯ) ಹಿಂದೆ ಬಿದ್ದಿದೆಯೇ, ಕಾರ್ಬ್ಯುರೇಟರ್ ಅಥವಾ ಥ್ರಾಟಲ್ ಬಾಡಿಯ ಅಡಿಯ ಗ್ಯಾಸ್ಕೆಟ್ಟಿನಲ್ಲಿ ಸೋರಿಕೆಯಿದೆಯೇ ಎಂದು ನೋಡಿಸಬೇಕು. ಮುಳ್ಳು ಒಂದೇ ಲಯದಲ್ಲಿ ಥಟ್ಟನೆ ಬಿದ್ದು ಏಳುತ್ತಿದ್ದರೆ ಯಾವುದೋ ಒಂದು ಸಿಲಿಂಡರಿನ ವಾಲ್ವ್ ಸರಿಯಾಗಿ ಕೂರುತ್ತಿಲ್ಲ. ಆಗ ಕಂಪ್ರೆಷನ್ ಪರೀಕ್ಷೆ ಮಾಡಿಸಿ. ಗ್ಯಾಸ್ಕೆಟ್ಟಿನ ಸೋರಿಕೆ ಹುಡುಕಲು ಎಂಜಿನ್ ಓಡುತ್ತಿರುವಾಗ ಆ ಸಂದಿಗೆ ಸೋಪಿನ ನೀರನ್ನು ಹನಿ ಹನಿಯಾಗಿ ಬಿಟ್ಟು ನೋಡಿ. ನೀರು ಒಳಗೆ ಸೆಳೆದುಕೊಂಡ ಕ್ಷಣದಲ್ಲಿ ಐಡ್ಲಿಂಗ್ ಬದಲಾಗುತ್ತದೆ. ಕೆಲವರು ಇದಕ್ಕೆ ಕಾರ್ಬ್ಯುರೇಟರ್ ಕ್ಲೀನರ್ ಸಿಂಪಡಿಸುತ್ತಾರೆ. ಕಾದ ಎಗ್ಸಾಸ್ಟಿನ ಮೇಲೆ ಅದು ಬಿದ್ದರೆ ಬೆಂಕಿ ಹೊತ್ತಿಕೊಳ್ಳುವುದರಿಂದ ಆ ದಾರಿ ಹಿಡಿಯಬೇಡಿ.